ನಲವತ್ತಕ್ಕೆ ಕತ್ತರಿಸಿದ ಹೆಸರು

"ಪ್ರಿಂಟರ್ ನಿಲ್ಸಿ! ಇನ್ನೊಂದು ಚೀಟಿನೂ ಹೊರಗೆ ಹೋಗ್ಬಾರ್ದು!"

ತರೀಕೆರೆಯ ನರ್ಸಿಂಗ್ ಹೋಮೊಂದರ ಲ್ಯಾಬಿಗೆ ನುಗ್ಗಿದವನನ್ನು ಕಂಡು ಅಲ್ಲಿನ ಟೆಕ್ನಿಷಿಯನ್ ಸಂಗೀತಾ ದಡಕ್ಕನೆ ಎದ್ದಳು. ಬಸವೇಶ್! ಎಂಟು ತಿಂಗಳ ಹಿಂದೆ ಹಿರೇನಲ್ಲೂರಿಗೆ ಅವಳನ್ನು ನೋಡಲು ಬಂದು, ಉಪ್ಪಿಟ್ಟು ತಿಂದು, ಒಪ್ಪಿಗೆ ಇದೆ, ಇಲ್ಲ ಎಂದು ಏನೂ ಹೇಳದೆ ಹೋದ ಮಹಾನುಭಾವ!

ಪಾಪ, ಅವಳು ಮನಸ್ಸಲ್ಲೇ ಒಪ್ಪಿಬಿಟ್ಟಿದ್ದಳು.

"ಆರ್ಡರ್ ಮಾಡೋಕೆ ನೀವ್ಯಾರ್ರೀ?"

"ಚೀಟಿ ಪ್ರಿಂಟ್ ಮಾಡೋ ಈ ಪ್ರೋಗ್ರಾಂ ಬರೆದೋನು ನಾನೇ. ರೋಗಿಗಳ ಹೆಸರು ಕನ್ನಡದಲ್ಲಿ ಹಾಕ್ತಿದ್ದೀರಂತೆ... ಈಗ್ಲೇ ಗೊತ್ತಾಯ್ತು, ಓಡಿ ಬಂದೆ."

ಇಂದು ಬೆಳಿಗ್ಗೆ ಕನ್ನಡಕ್ಕೆ ಬದಲಿಸಿದವಳು ಸಂಗೀತಾಳೇ. 'ಓಹೋ... ತಪ್ಪನ್ನು ನನ್ನ ತಲೆಗೆ ಕಟ್ಟಲು ಬಂದಿದ್ದಾನೆ!'

ಅವನು ಫ್ರಿಜ್ಜಿನೊಳಗಿದ್ದ ರಕ್ತದ ಚೀಲ ತೋರಿಸಿದ. ಚೀಟಿಯಲ್ಲಿ 'ಹಿರೇನಲ್ಲೂರು ಈರ' ಎಂದಷ್ಟೇ ಇತ್ತು. ಆ ಊರಿನವರು ಊರಿನ ಹೆಸರನ್ನೇ ಮೊದಲು ಬರೆಸುತ್ತಾರೆ.

"ಹೆಸರಿಗೆ ನಲವತ್ತು ಜಾಗ ಇಟ್ಟಿದ್ದೆ. ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಸಾಕು. ನಮ್ಮದಕ್ಕೆ ಮೂರು ಬೇಕು, ಕೊಂಬು, ಒತ್ತು ಸೇರಿದ್ರೆ ಆರು, ಒಂಬತ್ತು. ನಲವತ್ತು ತುಂಬಿದ್ರೆ ಸದ್ದಿಲ್ದೆ ಕತ್ತರಿಸುತ್ತೆ. ನಾನು ಬಳಸಿದ ಪ್ರೋಗ್ರಾಮಿಂಗ್ ಭಾಷೆಯ ಸ್ಟ್ಯಾಂಡರ್ಡೇ, ಅಂದ್ರೆ ಎಲ್ರೂ ಪಾಲಿಸೋ ನಿಯಮವೇ, ಹಂಗಿದೆ."

ಸಂಗೀತಾ ಫ್ರಿಜ್ಜಿನ ಚೀಟಿಯನ್ನು ಮತ್ತೆ ನೋಡಿದಳು.

ಇಂದು ಹಿರೇನಲ್ಲೂರಿನವರು ಇಬ್ಬರಿದ್ದರು. ಒಬ್ಬರು ಈರಭದ್ರಪ್ಪ. ಇನ್ನೊಬ್ಬರು ಈರಕ್ಕ... ಸಂಗೀತಾಳನ್ನು ಸಾಕಿ ಬೆಳೆಸಿದ ದೊಡ್ಡಮ್ಮ! ಇಬ್ಬರ ರಕ್ತದ ಗುಂಪೂ ಬೇರೆ ಬೇರೆ. ಒಂದು ಚೀಲ ಆಗಲೇ ದೊಡ್ಡಮ್ಮನಿಗೆಂದು ಮಹಡಿ ಮೇಲಿನ ಆಪರೇಷನ್ ಥಿಯೇಟರಿಗೆ ಹೋಗಿತ್ತು.

"ಯಾವ್ದು ಹೋಯ್ತು?" ಬಸವೇಶ್ ಕೇಳಿದ.

"ಗೊತ್ತಿಲ್ಲ... ಎರಡೂ ಒಂದೇ ಥರ ಇದ್ವು!"

ಇಬ್ಬರೂ ಮೆಟ್ಟಿಲು ಹತ್ತಿ ಓಡಿದರು. ಮೇಲೆ ದೊಡ್ಡಮ್ಮನ ಪಕ್ಕದಲ್ಲಿ ಚೀಲ ಆಗಲೇ ಸ್ಟ್ಯಾಂಡಿನಲ್ಲಿ ತೂಗುತ್ತಿತ್ತು. ನರ್ಸ್ ಟ್ಯೂಬು ಸಿಕ್ಕಿಸುತ್ತಿದ್ದಳು.

"ಸಿಸ್ಟರ್, ಬೇಡ!"

ಚೀಲದ ನಂಬರನ್ನು ರಿಜಿಸ್ಟರಿನಲ್ಲಿ ಹುಡುಕಿದರು. ಅದು ಈರಭದ್ರಪ್ಪನದು. ಇನ್ನು ಅರ್ಧ ನಿಮಿಷ ತಡವಾಗಿದ್ದರೆ ದೊಡ್ಡಮ್ಮ ಉಳಿಯುತ್ತಿರಲಿಲ್ಲ.

ಡಾಕ್ಟರು ಸಂಗೀತಾಳ ಮೇಲೆ ಹರಿಹಾಯ್ದರು. ಅವಳು ಬಾಯಿ ತೆರೆಯುವ ಮೊದಲೇ ಬಸವೇಶ್ ಅಡ್ಡ ಬಂದ.

"ತಪ್ಪು ನಂದು ಸಾರ್. ಇಂಗ್ಲಿಷ್ ಹೆಸರು ಮಾತ್ರ ಹಾಕಿ ನೋಡಿದ್ದೆ. ಇವ್ರನ್ನ ಏನೂ ಅನ್ಬೇಡಿ."

ಸರಿಯಾದ ಚೀಲ ಏರಿತು. ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಸಂಗೀತಾ ಹೊರಗೆ ಬಂದು ಗೋಡೆಗೆ ಒರಗಿದಳು.

"ಅವತ್ತು ಯಾಕೆ ಏನೂ ಹೇಳ್ದೆ ಹೋದ್ರಿ?"

"ಈ ಸ್ಟ್ಯಾಂಡರ್ಡ್ ತಿದ್ದಿಸ್ಬೇಕು ಅಂತ ಕೆಲಸ ಬಿಟ್ಟು ಕೂತಿದ್ದೆ. ಅಕ್ಷರಾನ ಅಕ್ಷರವಾಗೇ ಎಣಿಸ್ಬೇಕು, ಜಾಗ ಸಾಲ್ದಿದ್ರೆ ಎಚ್ಚರಿಸ್ಬೇಕು ಅಂತ ಅದನ್ನ ನಿಗದಿ ಮಾಡೋ ಕಮಿಟಿಗೆ ಬರೆದೆ. ಮುಂದಿನ ಸಲ ನೋಡೋಣ ಅಂದ್ರು. ಇಲ್ಲಿ ಇಂಗ್ಲಿಷೇ ಇದೆಯಲ್ಲಾ ಅಂತ ನಾನೂ ಸುಮ್ನಿದ್ದೆ... ಕೆಲಸ ಇಲ್ದೋನು ನಿಮ್ಮನ್ನ ಹೆಂಗೆ ಕೇಳ್ಲಿ? ಇಷ್ಟ ಅಂತೂ... ಅವತ್ತೇ ಆಗಿತ್ತು."

ಎಂಟು ತಿಂಗಳ ಸಿಟ್ಟು ಕಣ್ಣೀರಾಗಿ ಇಳಿಯಿತು. ಅಷ್ಟರಲ್ಲೇ ಅವಳಿಗೆ ಏನೋ ಹೊಳೆಯಿತು.

"ಈ ಪ್ರೋಗ್ರಾಂ ಇನ್ನೆಲ್ಲಿ ಕೊಟ್ಟಿದ್ದೀರಿ?"

"ಬರೋ ದಾರೀಲಿ ಫೋನ್ ಮಾಡ್ದೆ, ಕಡೂರಿನ ಆಸ್ಪತ್ರೆಯವ್ರು ಪ್ರಿಂಟರ್ ನಿಲ್ಸಿದ್ರು. ಅಜ್ಜಂಪುರದವ್ರು ಹೋದ ತಿಂಗಳೇ ಕನ್ನಡಕ್ಕೆ ಬದಲಾಯ್ಸಿದ್ದಾರಂತೆ... ಎಷ್ಟು ಚೀಟಿ ಹೋಗಿದಾವೋ ಗೊತ್ತಿಲ್ಲ."

ಅವಳು ಕಣ್ಣೊರೆಸಿಕೊಂಡು ಸ್ಕೂಟರಿನ ಕೀ ತೆಗೆದಳು.

"ನಡೀರಿ. ಒಂದೊಂದೇ ಹೆಸರು ಹುಡುಕೋಣ."

"ನೀವ್ಯಾಕೆ? ಇದು ನನ್ನ ಪಾಪ..."

"ಇನ್ಮೇಲೆ ಅರ್ಧ ನಂದು ಕಣ್ರೀ... ಹತ್ತಿ!"