ಏನೋ, ಉಂಡ್ಯಾ?

"ಏನೋ, ಉಂಡ್ಯಾ?"

ಶಾಲೆಯ ಊಟದ ಹಾಲ್‌ನಲ್ಲಿ ಚಮಚಗಳ ಸದ್ದೆಲ್ಲ ಒಂದೇ ಸಲ ನಿಂತುಹೋಯಿತು.

ಕೇಳಿದವರು ಇಂಗ್ಲಿಷ್ ಕಲಿಸುವ ನೊಲ್ವಾಜಿ ಟೀಚರ್. ದಕ್ಷಿಣ ಆಫ್ರಿಕಾದಿಂದ ಕೊರಿಯಾದ ಈ ಶಾಲೆಗೆ ಬಂದವರು. ಕೈಯಲ್ಲಿ ಊಟದ ತಟ್ಟೆ, ಮುಖದ ತುಂಬ ನಗು. ಕೇಳಿದ್ದು ಯಾರನ್ನು? ಹೆಡ್‌ಮಾಸ್ಟರ್ ನಾಮ್‌ಗುಂಗ್ ಅವರನ್ನು! ಅದೂ ಅಚ್ಚ ಕೊರಿಯನ್ ಮಾತಿನಲ್ಲಿ!

ಹೆಡ್‌ಮಾಸ್ಟರ್ ಕೂದಲು ಪೂರಾ ಬೆಳ್ಳಗೆ. ಬರುವ ವರ್ಷ ಅವರಿಗೆ ರಿಟೈರ್ ಆಗುವ ವಯಸ್ಸು. ಅವರನ್ನು ಯಾರಾದರೂ 'ಏನೋ' ಅಂದು ಎಷ್ಟು ಕಾಲವಾಗಿತ್ತೋ! ಬಾಯಿಗೆ ಹೊರಟಿದ್ದ ಮೊಳಕೆಕಾಳಿನ ಸಾರು ಅರ್ಧ ದಾರಿಯಲ್ಲೇ ನಿಂತಿತು. ಮೊದಲು ಅವರ ಕಿವಿ ಕೆಂಪಾಯಿತು, ಆಮೇಲೆ ಕತ್ತು.

ಆರನೇ ಕ್ಲಾಸಿನ ಕಡೆಯಿಂದ ಯಾರೋ ಕಿಸಕ್ಕೆಂದರು. ಅಷ್ಟೇ, ಇಡೀ ಹಾಲ್ ಗೊಳ್ಳೆಂದಿತು.

ನೊಲ್ವಾಜಿ ಟೀಚರೂ ನಕ್ಕರು. ತಾನು ಸರಿಯಾಗಿ ಮಾತಾಡಿದ್ದಕ್ಕೆ ಮಕ್ಕಳು ಖುಷಿಪಟ್ಟರು ಅಂದುಕೊಂಡರು, ಪಾಪ. ಹಾಲ್‌ನ ಆ ಕೊನೆಯಲ್ಲಿದ್ದ ದಾನ್ಬಿಯ ಕಡೆ ತಿರುಗಿ, "ಹೇಗೆ?" ಎಂಬಂತೆ ಹುಬ್ಬು ಹಾರಿಸಿದರು.

ದಾನ್ಬಿ ತಟ್ಟನೆ ತಲೆ ತಗ್ಗಿಸಿ ಅನ್ನವನ್ನು ನೋಡತೊಡಗಿದಳು.

ಯಾಕೆಂದರೆ, ಆ ಮಾತು ಕಲಿಸಿದವಳು ಅವಳೇ.

ಐದನೇ ಕ್ಲಾಸಿನ ದಾನ್ಬಿಗೂ ನೊಲ್ವಾಜಿ ಟೀಚರಿಗೂ ಒಂದು ಒಪ್ಪಂದವಿತ್ತು. ಊಟವಾದ ಮೇಲೆ ಅಂಗಳದ ಬೆಂಚಿನ ಮೇಲೆ ಹತ್ತು ನಿಮಿಷ. ಟೀಚರ್ ಒಂದು ವಸ್ತು ತೋರಿಸುತ್ತಿದ್ದರು, ದಾನ್ಬಿ ಅದರ ಹೆಸರು ಹೇಳುತ್ತಿದ್ದಳು. ಬೆಂಚು, ಬೆಕ್ಕು, ಮೋಡ. ಹೀಗೆ ಶುರುವಾಗಿದ್ದು ಬಾ, ಹೋಗು, ತಿನ್ನು, ಕೊಡು ಎಂದು ಬೆಳೆಯಿತು. ದಾನ್ಬಿಯ ಗೆಳತಿ ಗ್ಯೂರಿಯೂ ಬಂದು ಪಕ್ಕದಲ್ಲಿ ಕೂರುತ್ತಿದ್ದಳು.

ಕೊರಿಯನ್ನಿನಲ್ಲಿ ದೊಡ್ಡವರ ಜೊತೆ ಮಾತಾಡುವಾಗ ಮಾತಿಗೊಂದು ಬಾಲ ಬೇಕು. ಬಾಲ ಇದ್ದರೆ ಮರ್ಯಾದೆ, ಇಲ್ಲದಿದ್ದರೆ ಏಕವಚನ. ಇದು ದಾನ್ಬಿಗೆ ಗೊತ್ತಿಲ್ಲದ್ದೇನಲ್ಲ. ಮೊದಲ ದಿನ ಅವಳು ಬಾಲ ಸೇರಿಸಿಯೇ ಹೇಳಿಕೊಟ್ಟಿದ್ದಳು. ಟೀಚರಿಗೆ ನಾಲಿಗೆ ತಿರುಗಲಿಲ್ಲ. ಮೂರು ಸಲ ಹೇಳಿ ಮೂರು ಸಲವೂ ಎಡವಿದರು.

"ಚಿಕ್ಕದು ಹೇಳ್ಕೊಡೇ, ಸುಲಭ ಆಗುತ್ತೆ," ಎಂದಿದ್ದಳು ಗ್ಯೂರಿ.

ಚಿಕ್ಕದು ಹೇಳಿಕೊಟ್ಟರೆ ಟೀಚರ್ ಒಂದೇ ಏಟಿಗೆ ಕಲಿತುಬಿಟ್ಟರು. "ಏಯ್ ದಾನ್ಬಿ, ಬಾರೇ!" ಎಂದು ಜೋರಾಗಿ ಕರೆದರು. ಅಷ್ಟು ದೊಡ್ಡ ಟೀಚರ್ ತಮ್ಮ ಹಾಗೇ ಮಾತಾಡುವುದು ಕೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇದು ಗೆಳೆಯರ ಜೊತೆ ಮಾತ್ರ ಅಂತ ನಾಳೆ ಹೇಳಿದರಾಯಿತು ಎಂದುಕೊಂಡಳು ದಾನ್ಬಿ. ಮರುದಿನ ಟೀಚರ್ ಕಸ ಗುಡಿಸುವ ಅಜ್ಜನಿಗೆ, "ಏಯ್, ಆ ಕಡೆ ಹೋಗೋ!" ಎಂದರು. ಅಜ್ಜ ಪೊರಕೆ ಹಿಡಿದುಕೊಂಡೇ ಬೆಪ್ಪಾಗಿ ನಿಂತುಬಿಟ್ಟ. ಆವತ್ತಂತೂ ನಗು ತಡೆಯಲೇ ಆಗಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಮೂರು ವಾರ ಕಳೆಯಿತು.

ಈಗ ನೋಡಿದರೆ ಹೀಗಾಯಿತು.

ಹೆಡ್‌ಮಾಸ್ಟರ್ ಇಂಗ್ಲಿಷಿನಲ್ಲಿ "ಯೆಸ್, ಥ್ಯಾಂಕ್ ಯೂ," ಎಂದಷ್ಟೇ ಹೇಳಿ, ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಎದ್ದುಹೋದರು.

ಸ್ವಲ್ಪ ಹೊತ್ತಿಗೆ ನೊಲ್ವಾಜಿ ಟೀಚರಿಗೆ ಸ್ಟಾಫ್‌ರೂಮಿನಿಂದ ಕರೆ ಬಂತು. ಅವರ ಜೊತೆ ಇಂಗ್ಲಿಷ್ ಕಲಿಸುವ ಪ್ಯೋ ಟೀಚರಿಗೂ ಬಂತು. ದಾನ್ಬಿ ನೀರು ಕುಡಿಯುವ ನೆಪದಲ್ಲಿ ಸ್ಟಾಫ್‌ರೂಮಿನ ಮುಂದೆ ಎರಡು ಸಲ ಹಾದುಹೋದಳು. ಎರಡನೇ ಸಲ ಗಾಜಿನ ಬಾಗಿಲಿನಲ್ಲಿ ಕಂಡಿತು: ಪ್ಯೋ ಟೀಚರ್ ಏನೋ ಬಿಡಿಸಿ ಹೇಳುತ್ತಿದ್ದರು. ನೊಲ್ವಾಜಿ ಟೀಚರ್ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಮಧ್ಯಾಹ್ನದ ಇಂಗ್ಲಿಷ್ ಪೀರಿಯಡ್ಡಿಗೆ ಟೀಚರ್ ಎಂದಿನಂತೆ ಬಂದರು. ಎಂದಿನಂತೆ ಹಾಡು ಹೇಳಿಸಿದರು, ಕಾರ್ಡು ತೋರಿಸಿದರು. ಆದರೆ ಬಾಯಿಂದ ಒಂದೇ ಒಂದು ಕೊರಿಯನ್ ಮಾತು ಹೊರಡಲಿಲ್ಲ.

"ಟೀಚರ್, ಕೊರಿಯನ್ ಮಾತಾಡಿ! ಟೀಚರ್, ಪ್ಲೀಸ್!" ಎಂದು ಹುಡುಗರು ಕೂಗಿದರು.

ಟೀಚರ್ ನಕ್ಕು, ಇಲ್ಲವೆಂದು ತಲೆಯಾಡಿಸಿದರು. ಕಣ್ಣಿನವರೆಗೆ ಆ ನಗು ಹೋಗಲಿಲ್ಲ. ಆವತ್ತಿನಿಂದ ಬೆಂಚಿನ ಕಡೆಗೂ ಅವರು ಬರಲಿಲ್ಲ.

ಎರಡು ದಿನ ಬಿಟ್ಟು ಗ್ಯೂರಿ ಓಡಿಬಂದಳು.

"ದಾನ್ಬಿ, ನಾವು ಬಚಾವ್ ಕಣೇ! ಇದನ್ನೆಲ್ಲ ಯಾರು ಕಲಿಸಿದ್ದು ಅಂತ ಹೆಡ್‌ಮಾಸ್ಟರ್ ಕೇಳಿದ್ರಂತೆ. ಟಿವಿ ನೋಡಿ ಕಲಿತೆ ಅಂದ್ರಂತೆ ಟೀಚರ್!"

"ಟಿವಿನಾ?"

"ಹೂಂ. ಪ್ಯೋ ಟೀಚರ್ ಯಾರಿಗೋ ಫೋನಲ್ಲಿ ಹೇಳ್ತಿದ್ರು. ನಾನೇ ಕೇಳಿಸ್ಕೊಂಡೆ. ಅಬ್ಬಾ, ಎರಡು ದಿನದಿಂದ ನನಗೆ ಹೊಟ್ಟೆನೋವು!"

ದಾನ್ಬಿಗೆ ಗೊತ್ತಿತ್ತು. ನೊಲ್ವಾಜಿ ಟೀಚರ್ ಮನೆಯಲ್ಲಿ ಟಿವಿಯೇ ಇಲ್ಲ. ಔಷಧಿ ಅಂಗಡಿಯ ಮೇಲಿನ ಒಂಟಿ ಕೋಣೆ, ಒಂದು ಮಂಚ, ಒಂದು ಮೇಜು, ಅಷ್ಟೇ. ಒಂದು ದಿನ ಬೆಂಚಿನ ಮೇಲೆ ಕೂತು ಟೀಚರೇ ಅದರ ಚಿತ್ರ ಬರೆದು ತೋರಿಸಿದ್ದರು.

ಗ್ಯೂರಿಯ ಹೊಟ್ಟೆನೋವು ಹೋಯಿತು. ದಾನ್ಬಿಗೆ ಶುರುವಾಯಿತು.

ಶನಿವಾರ ದಾನ್ಬಿ ಅಮ್ಮನ ಅಂಗಡಿಯಲ್ಲಿದ್ದಳು. ಬಸ್‌ಸ್ಟ್ಯಾಂಡಿನ ಎದುರಿಗಿರುವ ಚಿಕ್ಕ ಕಿಂಬಾಪ್ ಅಂಗಡಿ ಅದು. ಅಮ್ಮ ಕಡಲ ಪಾಚಿಯ ಒಣ ಹಾಳೆಯ ಮೇಲೆ ಬಿಸಿ ಅನ್ನ ಹರಡಿ, ಕ್ಯಾರೆಟ್, ಮೊಟ್ಟೆ, ಮೂಲಂಗಿ ಉಪ್ಪಿನಕಾಯಿ ಇಟ್ಟು ಸರಸರನೆ ಸುರುಳಿ ಸುತ್ತುತ್ತಿದ್ದಳು. ಬಾಗಿಲ ಗಂಟೆ ಸದ್ದು ಮಾಡಿತು. ನೋಡಿದರೆ ನೊಲ್ವಾಜಿ ಟೀಚರ್!

ದಾನ್ಬಿ ತಟ್ಟನೆ ಕೌಂಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

"ಬನ್ನಿ ಬನ್ನಿ ಟೀಚರ್! ಇವತ್ತು ಎಷ್ಟು ಕಟ್ಟಲಿ?" ಎಂದಳು ಅಮ್ಮ.

ಉತ್ತರ ಬರಲಿಲ್ಲ. ದಾನ್ಬಿ ಸಂದಿಯಲ್ಲಿ ಇಣುಕಿದಳು. ಟೀಚರ್ ಎರಡು ಬೆರಳು ತೋರಿಸುತ್ತಿದ್ದರು. ಆಮೇಲೆ ಮೂಲಂಗಿಯ ಕಡೆ ಕೈ ಮಾಡಿ, ಬೊಗಸೆ ಅಗಲಿಸಿ 'ಜಾಸ್ತಿ' ಎಂಬಂತೆ ತೋರಿಸಿದರು. ಹಣ ಕೊಟ್ಟು, ಬಗ್ಗಿ ನಮಸ್ಕರಿಸಿ, ಪೊಟ್ಟಣ ತೆಗೆದುಕೊಂಡು ಹೊರಟೇಹೋದರು.

"ಏನಾಯ್ತು ಈ ಹುಡುಗಿಗೆ?" ಎಂದಳು ಅಮ್ಮ. "ಹೋದ ವಾರ ಬಂದು 'ಏನೇ, ಎರಡು ಕಟ್ಟೇ! ಮೂಲಂಗಿ ಜಾಸ್ತಿ ಹಾಕೇ!' ಅಂತ ಜೋರು ಮಾಡಿದ್ಲು. ನಾನು ಮನೆಗೆ ಹೋಗೋ ತನಕ ನಗ್ತಾನೇ ಇದ್ದೆ. ಇವತ್ತು ಮೂಗಿ ಥರ ಸನ್ನೆ ಮಾಡ್ತಾಳೆ. ಗಂಟಲು ನೋವೇನೋ, ಪಾಪ. ಊರಲ್ಲದ ಊರು, ಬಿಸಿನೀರು ಕಾಯಿಸಿಕೊಡೋಕೂ ಯಾರಿಲ್ಲ... ನೀನ್ಯಾಕೇ ಅಲ್ಲಿ ಕೂತಿದ್ದೀಯ?"

"ಚಾಪ್‌ಸ್ಟಿಕ್ ಬಿತ್ತು," ಎಂದಳು ದಾನ್ಬಿ.

ಸೋಮವಾರ ಶಾಲೆ ಬಿಟ್ಟ ಮೇಲೆ ಗ್ಯೂರಿಗೆ 'ಎಲ್ಲ ಹೇಳಿಬಿಡ್ತೀನಿ' ಎಂದು ಹೇಳಿ, ದಾನ್ಬಿ ಹೆಡ್‌ಮಾಸ್ಟರ್ ರೂಮಿನ ಬಾಗಿಲು ತಟ್ಟಿದಳು.

ಹೆಡ್‌ಮಾಸ್ಟರ್ ಕಿಟಕಿಯ ಹತ್ತಿರ ನಿಂತು ಕುಂಡದ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

"ಸರ್, ಟಿವಿ ಅಲ್ಲ ಸರ್. ನಾನು ಕಲಿಸಿದ್ದು," ಎಂದಳು ದಾನ್ಬಿ ಒಂದೇ ಉಸಿರಿಗೆ. "ಅದು ತಪ್ಪು ಅಂತ ನನಗೆ ಗೊತ್ತಿತ್ತು. ಟೀಚರಿಗೆ ಗೊತ್ತಿರಲಿಲ್ಲ."

ಹೆಡ್‌ಮಾಸ್ಟರ್ ಇನ್ನೊಂದು ಎಲೆ ಒರೆಸಿದರು.

"ಈಗ ಆರನೇ ಕ್ಲಾಸಿನವರು ಕಾರಿಡಾರಲ್ಲಿ ನನ್ನ ಬೆನ್ನ ಹಿಂದೆ 'ಏನೋ, ಉಂಡ್ಯಾ' ಅಂತಾರೆ. ಗೊತ್ತಾ?"

"ಸಾರಿ ಸರ್."

"ಟಿವಿ ಅಲ್ಲ ಅಂತ ನನಗೂ ಅನ್ನಿಸಿತ್ತು. ನಾನೂ ಟಿವಿ ನೋಡ್ತೀನಮ್ಮಾ." ಅವರು ಬಟ್ಟೆ ಹಿಂಡಿ ಪಕ್ಕಕ್ಕಿಟ್ಟರು. "ಸರಿ, ನೊಲ್ವಾಜಿ ಟೀಚರಿಗೆ ಹೇಳಿದ್ಯಾ?"

"ಇಲ್ಲ ಸರ್."

"ಯಾಕೆ?"

"ಅವರಿಗೆ ಹೇಳ್ಬೇಕಂದ್ರೆ ಇಂಗ್ಲಿಷಲ್ಲಿ ಹೇಳ್ಬೇಕಲ್ಲ ಸರ್. ನನಗೆ ಬರಲ್ಲ. ನೀವೇ ಹೇಳ್ತೀರಾ?"

"ನಾನಾ?" ಹೆಡ್‌ಮಾಸ್ಟರ್ ಕನ್ನಡಕದ ಮೇಲಿನಿಂದ ನೋಡಿದರು. "ನನಗೆ ಬರೋದು ಯೆಸ್, ಥ್ಯಾಂಕ್ ಯೂ. ಅದನ್ನ ನೀನೂ ಕೇಳಿದ್ದೀಯ. ಹೋಗು, ಅವರಿನ್ನೂ ಮೇಲೇ ಇದ್ದಾರೆ."

ದಾನ್ಬಿ ಮೆಟ್ಟಿಲ ಮೇಲೆ ಕೂತು, ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತನಗೆ ಗೊತ್ತಿದ್ದ ಇಂಗ್ಲಿಷ್ ಪದಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನೋಡಿದಳು. ಹೊಡೆದುಹಾಕಿದಳು. ಮತ್ತೆ ಬರೆದಳು. ಬೈಸಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಗೊತ್ತಿರಲಿಲ್ಲ. ಬೈಗುಳ ತಿನ್ನುವುದು ಅಂತ ನಾವೆಲ್ಲ ಹೇಳುತ್ತೇವಲ್ಲ, ತಿನ್ನುವುದಕ್ಕೆ ಇಂಗ್ಲಿಷ್ ಗೊತ್ತು. ಅದನ್ನೇ ಹಾಕಿದಳು.

ಎರಡನೇ ಮಹಡಿಯ ಇಂಗ್ಲಿಷ್ ಕ್ಲಾಸಿನಲ್ಲಿ ಹೀಟರ್ ಆರಿಸಿಯಾಗಿತ್ತು. ನೊಲ್ವಾಜಿ ಟೀಚರ್ ಕೋಟು ತೊಟ್ಟುಕೊಂಡೇ ನಾಳೆಯ ಪಾಠಕ್ಕೆ ಚಿತ್ರದ ಕಾರ್ಡು ಕತ್ತರಿಸುತ್ತಿದ್ದರು.

ದಾನ್ಬಿಗೆ ನೋಟ್‌ಬುಕ್ ತೆರೆಯಲೂ ನೆನಪಾಗಲಿಲ್ಲ. ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದ ಪದಗಳು ಎತ್ತಲೋ ಓಡಿಹೋದವು.

ಟೀಚರ್ ಕತ್ತರಿ ಕೆಳಗಿಟ್ಟರು. ಅವಸರ ಮಾಡಲಿಲ್ಲ. ಕಾದರು.

"ಟೀಚರ್," ಎಂದಳು ದಾನ್ಬಿ. "ಐ ನೋ. ಶಾರ್ಟ್ ವರ್ಡ್ ಬ್ಯಾಡ್. ಐ ನೋ. ಬಟ್... ಐ ನಾಟ್ ಸೇ. ಐ ಲಾಫ್."

ಟೀಚರ್ ತಲೆಯಾಡಿಸಿದರು, ಮುಂದೆ ಹೇಳು ಎಂಬಂತೆ.

"ಬಿಕಾಸ್ ಮೀ," ದಾನ್ಬಿ ಒಂದೊಂದೇ ಪದ ಹುಡುಕಿದಳು, "ಬಿಕಾಸ್ ಮೀ, ಯೂ ಈಟ್ ಬ್ಯಾಡ್ ವರ್ಡ್ಸ್. ಮೆನಿ ಮೆನಿ ಈಟ್. ಸಾರಿ, ಟೀಚರ್."

ಟೀಚರ್ ತುಟಿ ಬಿಗಿಹಿಡಿದು ಒಂದು ಗಳಿಗೆ ಕಿಟಕಿಯ ಕಡೆ ತಿರುಗಿದರು. ಮತ್ತೆ ಈ ಕಡೆ ತಿರುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು.

"ಯೆಸ್," ಎಂದರು ಮೆತ್ತಗೆ. "ಐ ಏಟ್. ಅ ಲಿಟಲ್."

ಆಮೇಲೆ ತಮ್ಮ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದರು. ಚೀಲದಿಂದ ಒಂದು ನೀಲಿ ಪುಸ್ತಕ ತೆಗೆದು ದಾನ್ಬಿಯ ಮುಂದೆ ತೆರೆದಿಟ್ಟರು. ದಾನ್ಬಿ ಬೆಂಚಿನ ಮೇಲೆ ಕಲಿಸಿದ ಮಾತುಗಳೆಲ್ಲ ಅದರಲ್ಲಿದ್ದವು. 'ಬಾ' ಎಂಬುದನ್ನು ಟೀಚರ್ ಒಂದು ಪುಟದ ತುಂಬ ತಿದ್ದಿದ್ದರು. 'ಉಂಡ್ಯಾ' ಎಂಬುದು ಎರಡು ಪುಟ. ಚಿಕ್ಕ ಮಗು ಬರೆದ ಹಾಗೆ ಅಕ್ಷರಗಳು ಸೊಟ್ಟಸೊಟ್ಟಗಿದ್ದವು.

ತಾನು ಹತ್ತು ನಿಮಿಷ ನಕ್ಕು ಮನೆಗೆ ಹೋದ ಮೇಲೆ, ಟೀಚರ್ ಆ ಒಂಟಿ ಕೋಣೆಯಲ್ಲಿ ಕೂತು ಇಷ್ಟೆಲ್ಲ ಬರೆದಿದ್ದರು ಎಂದು ದಾನ್ಬಿಗೆ ಗೊತ್ತೇ ಇರಲಿಲ್ಲ.

ಟೀಚರ್ ಪೆನ್ಸಿಲನ್ನು ಅವಳ ಕೈಗೆ ಕೊಟ್ಟರು. "ಲಾಂಗ್ ವರ್ಡ್ಸ್, ಪ್ಲೀಸ್."

ದಾನ್ಬಿ ಮೊದಲ ಪುಟದಿಂದ ಶುರುಮಾಡಿದಳು. ಒಂದೊಂದೇ ಮಾತಿಗೆ ಅದರ ಬಾಲ ಬರೆದಳು. ಬಾ, ಬನ್ನಿ. ಹೋಗು, ಹೋಗಿ. ಟೀಚರ್ ಪ್ರತಿಯೊಂದನ್ನೂ ಹೇಳಿ ನೋಡಿದರು. ಎಡವಿದರು. ಎಡವಿದಾಗ ದಾನ್ಬಿ ಇನ್ನೊಂದು ಸಲ ನಿಧಾನವಾಗಿ ಹೇಳಿದಳು. ಈ ಸಲ ಚಿಕ್ಕದು ಹೇಳಿಕೊಡಲಿಲ್ಲ.

ಹೊರಗೆ ಬಂದಾಗ ಬಸ್‌ಸ್ಟಾಪಿನಲ್ಲಿ ಗ್ಯೂರಿ ಕಾಯುತ್ತಿದ್ದಳು. ಚಳಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು.

"ಎಷ್ಟೊತ್ತೇ? ಹೇಳಿದ್ಯಾ? ನನ್ನ ಹೆಸರು ಹೇಳಿದ್ಯಾ?"

"ನಿನ್ನ ಹೆಸರು ಹೇಳಲಿಲ್ಲ."

"ಅಬ್ಬಾ! ಇಂಗ್ಲಿಷಲ್ಲಿ ಏನಂದೆ?"

ದಾನ್ಬಿ ತಾನು ಹೇಳಿದ್ದನ್ನು ಹಾಗೇ ಒಪ್ಪಿಸಿದಳು. ಗ್ಯೂರಿ ಮೂರು ವರ್ಷದಿಂದ ಇಂಗ್ಲಿಷ್ ಟ್ಯೂಷನ್ನಿಗೆ ಹೋಗುವವಳು. ಅವಳ ಬಾಯಿ ಮೊದಲು ತೆರೆಯಿತು, ಆಮೇಲೆ ಅವಳು ಬೆಂಚಿನ ಮೇಲೆ ಕುಸಿದು ಕೂತು ನಗತೊಡಗಿದಳು.

"ಈಟ್ ಬ್ಯಾಡ್ ವರ್ಡ್ಸಾ! ಅಯ್ಯೋ ದೇವರೇ! ಇಂಗ್ಲಿಷಲ್ಲಿ ಬೈಗುಳ ತಿನ್ನಲ್ಲ ಕಣೇ! ಅನ್ನ ತಿಂತಾರೆ, ಬ್ರೆಡ್ ತಿಂತಾರೆ! ಮೆನಿ ಮೆನಿ ಈಟ್ ಅಂತೆ! ಟೀಚರ್ ಬಿದ್ದು ಬಿದ್ದು ನಕ್ಕಿರ್ಬೇಕು!"

"ಇಲ್ಲ," ಎಂದಳು ದಾನ್ಬಿ. "ನಗಲಿಲ್ಲ."

ಹಾಗೆಂದ ಮೇಲೆ ಅವಳಿಗೆ ಕಿಟಕಿಯ ಕಡೆ ತಿರುಗಿದ ಟೀಚರ್ ಮುಖ ಕಣ್ಣಮುಂದೆ ಬಂತು. ಬಿಗಿಹಿಡಿದ ತುಟಿ. ಒದ್ದೆಯಾದ ಕಣ್ಣು. ಅಳು ತಡೆದುಕೊಂಡರು ಎಂದೇ ಅವಳು ಇಷ್ಟು ಹೊತ್ತೂ ಎಣಿಸಿದ್ದಳು.

ಬಸ್ಸು ಬಂತು. ಗ್ಯೂರಿ ನಗುತ್ತಲೇ ಹತ್ತಿ, "ಇನ್ನೊಂದ್ಸಲ ಹೇಳೇ, ಪ್ಲೀಸ್!" ಎಂದು ಗೋಗರೆದಳು. ದಾನ್ಬಿ ಹಿಂದಕ್ಕೆ ತಿರುಗಿ ಶಾಲೆಯ ಕಡೆ ನೋಡಿದಳು. ಎರಡನೇ ಮಹಡಿಯ ಆ ಕಿಟಕಿಯಲ್ಲಿ ಇನ್ನೂ ದೀಪ ಉರಿಯುತ್ತಿತ್ತು. ಬಸ್ಸು ತಿರುವು ದಾಟುವ ತನಕ ಅವಳು ಅದನ್ನೇ ನೋಡುತ್ತಿದ್ದಳು.