ನಡುಸಾಲಿನ ಸಸಿಗಳು

ಟ್ರೇಯ ಕೊನೆಯ ಸಾಲಿನಲ್ಲಿ ಟೊಮೆಟೊ ಸಸಿಗಳ ಎಲೆ ಹಳದಿಯಾಯಿತು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಎರಡು ಜೀವಗಳ ಭವಿಷ್ಯ ಆ ಎಲೆಗಳ ಮೇಲೆ ನಿಂತಿತ್ತು.

ಗೊಬ್ಬರಕ್ಕೆಂದು ಸತುವಿನ ನ್ಯಾನೊ ಕಣಗಳನ್ನು ತಯಾರಿಸಿದವಳು ಲ್ಯಾಬಿನ ಸಂಶೋಧಕಿಯಾದ ಅವಳು. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣಗಳು. ಹದವಾಗಿ ಸಿಕ್ಕರೆ ಬೇರು ಚುರುಕಾಗುತ್ತದೆ, ಹೆಚ್ಚಾದರೆ ಸಸಿ ಸೊರಗುತ್ತದೆ. ನೀರಿನಲ್ಲಿ ಕಲೆಸಿ, ಬಾಟಲಿಗೆ ತುಂಬಿ, ಗಾಜಿನ ಮನೆಗೆ ತಾನೇ ತರುತ್ತಿದ್ದಳು.

ಅದನ್ನು ಸಸಿಗಳಿಗೆ ಹಾಕುವವನು ಗಾಜಿನ ಮನೆಯ ಸಹಾಯಕನಾದ ಅವನು. ಗಿಡಗಳ ಜೊತೆ ಮಾತಾಡುತ್ತಾನೆಂದು ಲ್ಯಾಬಿಗೆಲ್ಲ ಅವನು ‘ಗಿಡಪ್ಪ’. ಅವಳೊಬ್ಬಳೇ ‘ರೀ’ ಎನ್ನುತ್ತಿದ್ದಳು. ಆ ಒಂದಕ್ಷರವನ್ನು ಅವನು ಇಡೀ ದಿನ ಮೆಲುಕು ಹಾಕುತ್ತಿದ್ದ.

ಬೆನ್ನ ಹಿಂದೆ ಎಲ್ಲರೂ ‘ದೊಡ್ಡಮ್ಮ’ ಎನ್ನುತ್ತಿದ್ದ ಲ್ಯಾಬಿನ ಮುಖ್ಯಸ್ಥೆ ಬಂದು ಟ್ರೇ ನೋಡಿದರು. “ಇದು ಗೊಬ್ಬರವಲ್ಲಮ್ಮ, ವಿಷ. ನಾಳೆಯಿಂದ ನಿನ್ನ ಪ್ರಾಜೆಕ್ಟ್ ಬಂದ್.”

ಎರಡು ವರ್ಷದ ದುಡಿಮೆ. ಅವಳು ಅಳಲಿಲ್ಲ, ವಾದಿಸಲಿಲ್ಲ. ಕನ್ನಡಕ ಸರಿಮಾಡಿಕೊಂಡು ಟ್ರೇಯ ಮೇಲೆ ಬಾಗಿದಳು. ಆ ತಾಳ್ಮೆಗೆ ಕೈ ಮುಗಿಯಬೇಕು. ಕಿವಿಯ ಹಿಂದಿನಿಂದ ಜಾರಿದ ಕೂದಲು ಎಲೆಗೆ ತಾಗಿತು. ಅವಳು ಎಲೆ ನೋಡಿದಳು. ಅವನು ಕೂದಲು ನೋಡಿದ.

“ಮೊದಲ ಸಾಲು ಬರೀ ನೀರು ಕುಡಿದ ಹಾಗಿದೆ. ಕೊನೆಯದು ಸೊರಗಿದೆ. ಆದರೆ ನಡುವಿನ ಸಾಲು ನೋಡಿ, ಎಷ್ಟು ಚೆಂದ ಎದ್ದಿದೆ! ಒಂದೇ ಬಾಟಲಿ ತಾನೇ ರೀ?” ಎಂದು ಅವನನ್ನು ಕೇಳಿದಳು.

ಗಿಡಪ್ಪನ ಕಿವಿ ಬಿಸಿಯಾಯಿತು. ಸುಮ್ಮನಿದ್ದರೆ ಅವನ ಕೆಲಸ ಉಳಿಯುತ್ತಿತ್ತು, ಅವಳದು ಹೋಗುತ್ತಿತ್ತು. ಅವನು ದೊಡ್ಡಮ್ಮನತ್ತ ತಿರುಗಿದ.

“ಬಾಟಲಿ ಅಲ್ಲಾಡಿಸದೇ ಹಾಕ್ಬಿಟ್ಟೆ ಮೇಡಂ. ಮೇಲಿನ ತಿಳಿಯೆಲ್ಲ ಮೊದಲ ಸಾಲಿಗೆ, ಅಡಿಯ ಗಸಿಯೆಲ್ಲ ಕೊನೆಯದಕ್ಕೆ. ಹದ ಸಿಕ್ಕಿದ್ದು ನಡುವಿನದಕ್ಕೆ ಮಾತ್ರ. ತಪ್ಪು ಕಣದ್ದಲ್ಲ, ನಂದು.”

“ಕೈಗೇನಾಗಿತ್ತಪ್ಪಾ?”

“ಕೈಗೇನಿಲ್ಲ. ಬಾಟಲಿ ಕೊಟ್ಟು ಇವರು ಇಲ್ಲೇ ನಿಂತಿರ್ತಿದ್ರು. ಇವರಿದ್ರೆ ನಂಗೆ ಬೇರೇನೂ ನೆನಪಾಗಲ್ಲ.”

ದೊಡ್ಡಮ್ಮ ನಿಧಾನವಾಗಿ ಅವಳತ್ತ ತಿರುಗಿದರು.

“ಬಾಟಲಿ ತರೋಕೆ ಅಟೆಂಡರ್ ಇದ್ದಾನಲ್ಲಮ್ಮ. ನೀನ್ಯಾಕೆ ಬರ್ತಿದ್ದೆ?”

“ಸಸಿ ನೋಡೋಕೆ ಮೇಡಂ.”

“ಯಾವುದು, ಈ ಆರಡಿ ಸಸೀನಾ?”

ಅವಳು ನೆಲ ನೋಡಿದಳು. ಆಮೇಲೆ ತಲೆಯೆತ್ತಿ, ಅವನನ್ನೇ ನೋಡುತ್ತ, “ಹೌದು,” ಎಂದಳು.

ಪ್ರಯೋಗ ಮತ್ತೆ ನಡೆದು ಗೆದ್ದಿತು. ಆ ತಪ್ಪಿಗೆ ಅವನನ್ನು ಬೀಜದ ಗೋದಾಮಿಗೆ ವರ್ಗ ಮಾಡಲಾಯಿತು. ಅದೇ ವರ್ಷ ಇಬ್ಬರೂ ಮದುವೆಯಾದರು.