ಹೆಸರಿಲ್ಲದ ಸಾಲು

ಇದು ಹೋದ ಮೇ ತಿಂಗಳಲ್ಲಿ ನಡೆದದ್ದು. ಬಸವಕಲ್ಯಾಣದಲ್ಲಿ ನಮ್ಮದೊಂದು ಪುಟ್ಟ ಸಾಫ್ಟ್‌ವೇರ್ ಆಫೀಸು. ಯಾರ ಮೇಲೆ ಎಷ್ಟು ಕೆಲಸ ಬಿದ್ದಿದೆ ಎಂದು ಕಾಣುವಂತೆ, ಗೋಡೆಯ ಬೋರ್ಡಿನಲ್ಲಿ ಒಬ್ಬೊಬ್ಬರಿಗೆ ಒಂದು ಸಾಲು ಮಾಡಿ, ಒಂದೊಂದು ಕೆಲಸಕ್ಕೂ ಒಂದೊಂದು ಚೀಟಿ ಅಂಟಿಸುವುದು ನನ್ನ ಪಾಲಿನ ಕೆಲಸ.

ಅವತ್ತು ನಮ್ಮ ಜೊತೆಗಾತಿ ದೀಪಾಲಿಯ ಮದುವೆ, ಹುಮನಾಬಾದಿನಲ್ಲಿ. ಎಲ್ಲರೂ ಹೊಸ ಬಟ್ಟೆ ಉಟ್ಟು ಹೊರಟು ನಿಂತಾಗ ಪುಣೆಯ ಗಿರಾಕಿಯ ಫೋನು ಬಂತು. ನಿನ್ನೆ ಹೇಳಿದ್ದು ಬಿಡಿ, ಬಿಲ್ಲಿನ ಕೆಲಸ ಇವತ್ತೇ ಮುಗಿಯಬೇಕು ಎಂದರು. ವಾರವೆಲ್ಲ ಹೀಗೇ ಆಗಿತ್ತು. ಸಾಫ್ಟ್‌ವೇರಿನಲ್ಲಿ ಬಿಲ್ಲಿನ ಭಾಗ ನಮ್ಮ ಆಫೀಸಿನ ಹುಡುಗ ಧಮ್ಮಪಾಲನದು; ಚೀಟಿಗಳೆಲ್ಲ ಅವನ ಸಾಲಿಗೇ ಹೋದವು.

"ನೀವು ಹೋಗ್ರಿ ಅಕ್ಕಾ, ನಾ ಮಾಡ್ತೀನಿ," ಅಂದ. ಮುಖ ಸಪ್ಪಗಾಗಿತ್ತು.

ಹೊರಗೆ ರಣಬಿಸಿಲು. ಆದರೆ ಚೀಟಿ ಒತ್ತುವಾಗ ಬೋರ್ಡು ಬರ್ಫದ ಹಾಗೆ ತಣ್ಣಗಿತ್ತು. ಚಪ್ಪಲಿ ಮೆಟ್ಟಿ ತಿರುಗಿ ನೋಡಿದರೆ ಅವನ ಸಾಲು ಬರಿದಾಗಿತ್ತು. ಚೀಟಿಗಳೆಲ್ಲ ಅಡಿಯಲ್ಲಿ, ಹೆಸರಿಲ್ಲದ ಹೊಸ ಸಾಲೊಂದರಲ್ಲಿದ್ದವು. ಮೂಲೆಯ ಕಂಪ್ಯೂಟರಿನಿಂದ ಟಕಟಕ ಸದ್ದು ಬರುತ್ತಿತ್ತು.

"ಅಲ್ಲಿ ಯಾರು ಮಾಡಾಕತ್ತಾರ?" ಎಂದೆ.

"ಯಾರೂ ಕುಂತಿಲ್ರಿ," ಎಂದ ಧಮ್ಮಪಾಲ, ಮೆಲ್ಲಗೆ.

ಸದ್ದು ನಿಂತಿತು. ಆಮೇಲೆ ಗಿರಾಕಿಯ ಮೆಸೇಜು ಬಂತು, ಬಿಲ್ಲಿನ ಕೆಲಸ ಸರಿಯಾಗಿದೆ ಎಂದು.

ಬಾಗಿಲು ಹಾಕಿ ಓಡಿದೆವು. ಹೆದರಿಕೆಗೋ ಖುಷಿಗೋ, ಹುಮನಾಬಾದ್ ಮುಟ್ಟುವ ತನಕ ಜೀಪಿನಲ್ಲಿ ನಗು ನಿಲ್ಲಲಿಲ್ಲ. ಅಕ್ಷತೆ ಹಾಕಿದೆವು. ಧಮ್ಮಪಾಲ ಬ್ಯಾಂಡಿನ ಮುಂದೆ ಮನಸಾರೆ ಕುಣಿದ.

ಸೋಮವಾರ ಬಂದು ನೋಡಿದರೆ ಆ ಸಾಲಿನಲ್ಲಿ ಒಂದೇ ಚೀಟಿ: "ಇವತ್ತು ರಜೆ ಬೇಕ್ರಿ." ಅಕ್ಷರ ನಮ್ಮವರ್ಯಾರದೂ ಅಲ್ಲ. "ಆಯ್ತ್ರಿ" ಎಂದು ಬರೆದು ಸಹಿ ಮಾಡಿದೆ. ಯಾರಿಗೆ ರಜೆ ಕೊಟ್ಟೆನೋ, ಇವತ್ತಿಗೂ ಗೊತ್ತಿಲ್ಲ.